ಪಂಜರಕ್ಕೆ ಹಲಗೆ ಹುಡುಕಿದ್ದು

ನನ್ನ ತಂಗಿ ‘ಒಂದು ವಾರ’ ಎಂದರೆ ಎಷ್ಟು ದಿನ ಎಂಬುದು ನನಗೆ ಚೆನ್ನಾಗಿ ಗೊತ್ತು. ಒಂದು ವಾರಕ್ಕೆಂದು ಒಯ್ದ ನನ್ನ ಇಡ್ಲಿ ಪಾತ್ರೆ ಅವಳ ಮನೆಯಲ್ಲೇ ತಳ ಕರಕಲಾಗಿ ಹಳತಾಯಿತು. ಹಾಗಾಗಿ ಫೆಬ್ರವರಿಯ ಒಂದು ಭಾನುವಾರ ಅವಳು ಗೋಕುಲಂನಿಂದ ಆಟೋದಲ್ಲಿ ಬಂದು, ನಜರ್‌ಬಾದಿನ ನಮ್ಮ ಮನೆಯ ಜಗಲಿಯ ಮೇಲೆ ಒಂದು ಹಕ್ಕಿ ಪಂಜರವನ್ನಿಟ್ಟು, “ಅಕ್ಕ, ಒಂದ್ ವಾರ ಇಟ್ಕೊಂಡಿರು” ಎಂದಾಗಲೇ ನನ್ನ ಮೈ ಉರಿಯಿತು.

ಪಂಜರದೊಳಗೆ ಇದ್ದದ್ದು ಹಕ್ಕಿಯಲ್ಲ. ಅಳಿಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು, ಬೂದು ಬಣ್ಣ, ದುಂಡು ಕಿವಿ, ಕುಂಚದಂಥ ಬಾಲ. ಚಿಂಚಿಲ್ಲಾ ಎಂದಳು. ತಂಗಿ ತನ್ನ ಮನೆಯ ಮಹಡಿಯನ್ನು ಯೋಗ ಕಲಿಯಲು ಬರುವ ವಿದೇಶೀಯರಿಗೆ ಬಾಡಿಗೆಗೆ ಕೊಡುತ್ತಾಳೆ. ವರ್ಷವಿಡೀ ಇರುತ್ತೇವೆಂದು ಬಂದಿದ್ದ ಒಂದು ಜೋಡಿ ಇದನ್ನು ಬೆಂಗಳೂರಿನಿಂದ ಕೊಂಡು ತಂದು, ಅರ್ಧ ವರ್ಷಕ್ಕೇ ಮನಸ್ಸು ಬದಲಾಯಿಸಿ, ಯೋಗದ ಚಾಪೆಗಳನ್ನು ಮಾತ್ರ ಸುತ್ತಿಕೊಂಡು ವಿಮಾನ ಹತ್ತಿದ್ದರು. ಪ್ರಾಣಿ ಇವಳ ಪಾಲಿಗೆ ಬಂದಿತ್ತು. ಅದು ನೀರಿನಲ್ಲಿ ಮೀಯುವುದಿಲ್ಲ, ನುಣ್ಣನೆಯ ಧೂಳಿನಲ್ಲಿ ಹೊರಳಾಡಿ ಮೈ ಚೊಕ್ಕ ಮಾಡಿಕೊಳ್ಳುತ್ತದೆ. ತಂಗಿಗೋ ಚಿಕ್ಕಂದಿನಿಂದ ಉಬ್ಬಸ. ಊದುಬತ್ತಿ, ಫಿನಾಯಿಲ್, ಬೀರುವಿನ ನುಸಿಗುಳಿಗೆ, ಯಾವುದರ ವಾಸನೆ ತಗುಲಿದರೂ ಅವಳಿಗೆ ಕೆಮ್ಮು ಹತ್ತುತ್ತದೆ. ಧೂಳಂತೂ ಆಗುವುದೇ ಇಲ್ಲ.

“ನಿಮ್ಮನೇಲಿ ಉಗ್ರಾಣದ ರೂಮು ಖಾಲಿ ಬಿದ್ದಿದೆ, ತಂಪಾಗೂ ಇದೆ” ಎಂದಳು. ಕಾಫಿ ಕುಡಿದಳು. ಕಾಯಿಸಿ ನಿಲ್ಲಿಸಿದ್ದ ಅದೇ ಆಟೋದಲ್ಲಿ ಹೊರಟೂಹೋದಳು. ಕೆಲವು ವರ್ಷಗಳಿಂದ ನಮ್ಮಿಬ್ಬರ ಭೇಟಿ ಹೀಗೆಯೇ, ಒಂದು ಲೋಟ ಕಾಫಿಯಷ್ಟು ಹೊತ್ತು.

ಅದಕ್ಕೊಂದು ವಿದೇಶಿ ಹೆಸರಿತ್ತಂತೆ. ನಾನು ಕೇಳಿ ತಿಳಿದುಕೊಳ್ಳಲಿಲ್ಲ. ಹೆಸರು ಹಿಡಿದು ಕರೆಯಲು ಶುರು ಮಾಡಿದರೆ ಅದು ನಮ್ಮದಾಗಿಬಿಡುತ್ತದೆಂಬ ಹೆದರಿಕೆ. ‘ಅದು’ ಎಂದೇ ಕರೆದೆ. ಆದರೆ ಮರುದಿನ ಬೆಳಿಗ್ಗೆ ಪಂಜರ ತೊಳೆಯಲೆಂದು ಅದನ್ನು ಕೈಗೆತ್ತಿಕೊಂಡಾಗ ಅಂಗಾಲು ಕಂಡಿತು. ಎರಡೂ ಹಿಂಗಾಲಿನ ಅಡಿಯಲ್ಲಿ ಕೆಂಪಗೆ ಊದಿ, ಬಲಗಾಲಿನದು ಒಡೆದಿತ್ತು. ಹಕ್ಕಿ ಪಂಜರದ ತಳವೆಂದರೆ ಬರೀ ಸರಳು. ತಿಂಗಳುಗಟ್ಟಲೆ ಅದು ಆ ಕಂಬಿಯ ಮೇಲೇ ನಿಂತು, ಕೂತು, ಮಲಗಿದೆ. ಮುಂಗಾಲುಗಳಿಂದ ನನ್ನ ಬೆರಳನ್ನು ಹಿಡಿದುಕೊಂಡು ಅಲುಗಾಡದೆ ಕೂತಿತ್ತು. ನನಗೆ ತಂಗಿಯ ಮೇಲೆ, ಆ ಯೋಗದ ಜೋಡಿಯ ಮೇಲೆ, ಹಕ್ಕಿ ಪಂಜರ ಮಾಡಿದವನ ಮೇಲೆ ಒಟ್ಟಿಗೆ ಸಿಟ್ಟು ಬಂತು. ಅಳುವೂ ಬಂತು ಎನ್ನುವುದನ್ನು ಯಾಕೆ ಮುಚ್ಚಿಡಲಿ.

ಪಶುವೈದ್ಯರು ಇನ್ನೂ ಚಿಕ್ಕ ವಯಸ್ಸಿನವರು, ಆದರೆ ಗಟ್ಟಿ ಮಾತು. ಮುಲಾಮು ಕೊಟ್ಟು, “ಮೇಡಂ, ಮುಲಾಮಿಂದ ಅರ್ಧ ಕೆಲಸ ಅಷ್ಟೇ. ಕೇಜ್ ಬದಲಾಯಿಸ್ದೆ ಇದ್ರೆ ಹುಣ್ಣು ಮಾಯಲ್ಲ. ಮೂಳೆಗೆ ಇಳೀತು ಅಂದ್ರೆ ಆಮೇಲೆ ನನ್ ಕೈಲಿ ಏನೂ ಆಗಲ್ಲ” ಎಂದರು. ತಳ ಮಟ್ಟಸವಾಗಿರಬೇಕು. ಕೂರಲು, ಹಾರಲು ಒಳಗೆ ಅಗಲವಾದ ಮರದ ಹಲಗೆಗಳಿರಬೇಕು. ಕಂಬಿಗೆ ಬಣ್ಣ ಕೂಡದು, ಪ್ಲಾಸ್ಟಿಕ್ ಕೂಡದು, ಏಕೆಂದರೆ ಅದು ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಹಲಗೆಗೆ ಪಾಲಿಶ್, ಅಂಟು, ಔಷಧಿ ಏನೂ ಸೋಕಿರಬಾರದು. ಒಣಗಿದ ಪೈನ್ ಮರವಾದರೆ ಎಲ್ಲಕ್ಕಿಂತ ಒಳ್ಳೆಯದು. ತಣ್ಣನೆಯ ಬೆಟ್ಟದ ನಾಡಿನ ಪ್ರಾಣಿ, ಮೈಸೂರಿನ ಮಾರ್ಚ್ ಬಿಸಿಲು ತಡೆಯುವುದಿಲ್ಲ, ಕೋಣೆಯೂ ತಂಪಾಗಿರಬೇಕು. ಇಷ್ಟೂ ಒಂದು ತಿಂಗಳೊಳಗೆ ಆಗಬೇಕು.

ನಾನು ಪಾಲಿಟೆಕ್ನಿಕ್ಕಿನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಹೇಳಿಕೊಡುವವಳು. ಅರ್ಧ ಮಿಲಿಮೀಟರ್ ಆಚೀಚೆ ಆದರೂ ಹುಡುಗರ ಹಾಳೆಯನ್ನು ಹಿಂದಕ್ಕೆ ಕೊಡುತ್ತೇನೆ. ಒಂದು ಪಂಜರ ಎಷ್ಟರ ಮಾತು ಎಂದುಕೊಂಡೆ.

ಸಾಕುಪ್ರಾಣಿ ಅಂಗಡಿಗಳನ್ನೆಲ್ಲ ಸುತ್ತಿದೆ. ಲವ್ ಬರ್ಡ್ಸ್ ಪಂಜರ ಇತ್ತು, ನಾಯಿಗೆ ಮನೆ ಇತ್ತು, ಮೀನಿಗೆ ಬಣ್ಣಬಣ್ಣದ ಕಲ್ಲು ಇತ್ತು. ಒಬ್ಬರು ಮೊಲದ ಗೂಡನ್ನು ಮುಂದೆ ತಳ್ಳಿ, “ಇದೇ ತಗೊಂಡೋಗಿ ಮೇಡಂ, ಅಡ್ಜಸ್ಟ್ ಮಾಡ್ಕೊಳುತ್ತೆ” ಎಂದರು. ಅದರ ತಳವೂ ಕಂಬಿಯೇ. ಇದರ ಕಾಲು ಹುಣ್ಣಾಗಿದ್ದೇ ಅಡ್ಜಸ್ಟ್ ಮಾಡಿಕೊಂಡು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆನ್‌ಲೈನಿನಲ್ಲಿ ತರಿಸಿದ ಪಂಜರದಲ್ಲಿ ಮರದ ಮೆಟ್ಟಿಲಿನಂತೆ ಕಂಡದ್ದು ಮರದ ಬಣ್ಣದ ಪ್ಲಾಸ್ಟಿಕ್ಕಾಗಿತ್ತು. ಕಂಬಿಗಳ ನಡುವಿನಿಂದ ಪ್ರಾಣಿಯ ತಲೆ ಆರಾಮಾಗಿ ಹೊರಬಂತು. ಹಿಂದಕ್ಕೆ ಕಳಿಸಲು ಮತ್ತೆ ಪೆಟ್ಟಿಗೆ ಕಟ್ಟುವುದರಲ್ಲಿ ಒಂದು ಸಂಜೆ ಹೋಯಿತು.

ನನ್ನ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಪೇಪರಿನ ಹಿಂದಿನಿಂದಲೇ, “ಅದೇ ಹಳೇ ಪಂಜರಕ್ಕೆ ಒಂದು ಗೋಣಿತಾಟು ಹಾಸು. ಸಾಕು ಬಿಡು” ಎಂದರು. ಗೋಣಿಯನ್ನು ಅದು ತಿಂದುಬಿಡುತ್ತದೆ ಎಂದೆ. “ಮತ್ತೆ ತಿನ್ನಕ್ಕೂ ಆಯ್ತಲ್ಲ” ಎಂದರು. ನಾನು ಮಾತು ಬಿಟ್ಟು ಡ್ರಾಯಿಂಗ್ ಬೋರ್ಡ್ ಎತ್ತಿಕೊಂಡೆ.

ಮೂರಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರ. ಅರ್ಧ ಇಂಚಿನ ಜಾಲರಿ. ಮುಂದೆ ದೊಡ್ಡ ಬಾಗಿಲು, ಇಡೀ ತೋಳು ಒಳಗೆ ಹೋಗುವಂಥದ್ದು. ನಾಲ್ಕು ಹಲಗೆ ಕೂರಿಸಲು ಒಳಗೆ ಪಟ್ಟಿಗಳು. ಮುಂದಿನ ನೋಟ, ಮೇಲಿನ ನೋಟ, ಪಕ್ಕದ ನೋಟ ಮೂರನ್ನೂ ಬರೆದೆ. ಕೆಳಗೆ ‘ಬಣ್ಣ ಹಚ್ಚಕೂಡದು’ ಎಂದು ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದೆ. ಅದನ್ನು ಹಿಡಿದುಕೊಂಡು ರಾಜೀವನಗರದ ಒಬ್ಬ ವೆಲ್ಡಿಂಗ್ ಕೆಲಸದವರ ಹತ್ತಿರ ಹೋದೆ. ಗೇಟು, ಕಿಟಕಿ ಗ್ರಿಲ್ಲು ಮಾಡುವವರು, ಕೈ ಚೊಕ್ಕ ಎಂದು ಹೆಸರು. ಅವರು ನನ್ನ ಹಾಳೆಯನ್ನು ಗೌರವದಿಂದ ಎರಡೂ ಕೈಯಲ್ಲಿ ತೆಗೆದುಕೊಂಡು, ತಿರುಗಿಸಿ, ಹಿಂಬದಿಯ ಖಾಲಿ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಚೌಕ ಬರೆದು, “ಮೂರು, ಎರ್ಡು, ನಾಕು. ಅಷ್ಟೇ ತಾನೆ ಮೇಡಮ್ಮೋರೆ?” ಎಂದರು. ಬಣ್ಣ ಬೇಡ ಎಂದು ಬಾಯಿಬಿಟ್ಟು ಮೂರು ಸಲ ಹೇಳಿದೆ. ಮೂರು ಸಲವೂ ತಲೆಯಾಡಿಸಿದರು.

ಐದನೆಯ ದಿನ ಹೋದಾಗ ಪಂಜರ ಬಿಸಿಲಿನಲ್ಲಿ ಫಳಫಳ ಹೊಳೆಯುತ್ತಿತ್ತು. ಮೊದಲು ಕೆಂಪು ಪ್ರೈಮರ್, ಅದರ ಮೇಲೆ ಬೆಳ್ಳಿ ಬಣ್ಣ. ನೆತ್ತಿಯ ಮೇಲೆ ನಾನು ಹೇಳದೇ ಇದ್ದ ಕಬ್ಬಿಣದ ಒಂದು ಕಮಲ.

“ಬಣ್ಣ ಬೇಡ ಅಂತ ಬರೆದಿದ್ದೆನಲ್ಲ?”

“ಬರ್ದಿದ್ರಿ ಮೇಡಮ್ಮೋರೆ. ಬಣ್ಣ ಇಲ್ದೆ ಎಂಗೆ ಕಳ್ಸದು? ಬೋಳು ಕಬ್ಣ ನಮ್ಮಂಗ್ಡಿಯಿಂದ ಆಚ್ಗೆ ಓದ್ರೆ ನೋಡ್ದೋರು ಏನಂತಾರೆ? ಮಳೆ ಬಿದ್ರೆ ತುಕ್ಕು ಇಡೀತದೆ.”

“ಇದು ಮನೆಯೊಳಗೆ ಇರೋದು. ಮಳೆ ಎಲ್ಲಿಂದ ಬರುತ್ತೆ? ಪ್ರಾಣಿ ಕಂಬಿ ಕಡಿಯುತ್ತೆ, ಬಣ್ಣ ಹೊಟ್ಟೆಗೆ ಹೋದರೆ ಸತ್ತುಹೋಗುತ್ತೆ.”

ಅವರು ಸ್ವಲ್ಪ ಯೋಚಿಸಿ, “ಬೆಳ್ಳಿದು ಒಂದೇ ಕೋಟು ಒಡ್ದಿರದು” ಎಂದರು.

ನನಗೆ ನಗಬೇಕೋ ಕೂಗಾಡಬೇಕೋ ತಿಳಿಯಲಿಲ್ಲ. ಕೂಗಾಡಿದೆ. ಅವರು ಬೇಸರ ಮಾಡಿಕೊಳ್ಳದೆ, ತುಕ್ಕೂ ಹಿಡಿಯದ ಬಣ್ಣವೂ ಬೇಡದ ಸ್ಟೀಲಿನಲ್ಲಿ ಇನ್ನೊಂದು ಮಾಡಿಕೊಡುತ್ತೇನೆ, ಇದನ್ನು ಯಾರಿಗಾದರೂ ಕೋಳಿಗೆ ಕೊಟ್ಟರಾಯಿತು ಎಂದರು. ಅದಕ್ಕೆ ಇನ್ನೊಂದು ವಾರ ಹಿಡಿಯಿತು. ಎರಡನೆಯದು ಅಳತೆಗೆ ಸರಿಯಾಗಿ ಬಂತು, ಬಣ್ಣವೂ ಇರಲಿಲ್ಲ, ಕಮಲ ಮಾತ್ರ ಇತ್ತು. “ಕಮ್ಲ ಇರ್ಲಿ ಕಣ್ರಮ್ಮ. ಅದೂ ಇಲ್ದಿದ್ರೆ ಕೋಳಿಗೂಡು ಇದ್ದಂಗದೆ” ಎಂದರು. ಪ್ರಾಣಿಯ ಬಾಯಿಗೆ ಸಿಗದ ಜಾಗದಲ್ಲಿತ್ತೆಂದು ಬಾಯಿ ಮುಚ್ಚಿಕೊಂಡು ತಂದೆ.

ಉಗ್ರಾಣದ ಕೋಣೆ ನಮ್ಮ ಮನೆಯ ಹಿಂಭಾಗದಲ್ಲಿ ಬಿಸಿಲು ತಾಗದ ಕಡೆಗಿದೆ. ದಪ್ಪ ಗೋಡೆ, ಕೆಂಪು ಗಾರೆಯ ನೆಲ. ಅಲ್ಲಿಗೊಂದು ಚಿಕ್ಕ ಏಸಿ ಹಾಕಿಸಿದೆ. ಮೂವತ್ತು ವರ್ಷ ತಮ್ಮನ್ನು ಬರೀ ಫ್ಯಾನಿನ ಕೆಳಗೆ ಮಲಗಿಸಿ ಈಗ ಇಲಿಗೆ ಏಸಿಯೇ ಎಂದು ಯಜಮಾನರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ, ಅಡುಗೆಮನೆಯ ಕಟ್ಟೆ ಕಟ್ಟಿಸಿದಾಗ ಉಳಿದಿದ್ದ ಕಪ್ಪು ಗ್ರಾನೈಟ್ ಚಪ್ಪಡಿಯನ್ನು ಹಿತ್ತಿಲಿನಿಂದ ಹೊತ್ತುಕೊಂಡು ಬಂದು ಪಂಜರದ ತಳಕ್ಕೆ ಅವರೇ ಕೂರಿಸಿದರು. “ಕಲ್ಲು ತಣ್ಣಗಿರುತ್ತೆ, ಬಿದ್ಕೊಳ್ಳಲಿ” ಎಂದರು. ಸೊಂಟ ಹಿಡಿದುಕೊಂಡು ಎರಡು ದಿನ ಅವರೂ ಬಿದ್ದುಕೊಂಡರು.

ಉಳಿದದ್ದು ಹಲಗೆ. ನಾಲ್ಕು ಹಲಗೆ, ಒಂದೊಂದೂ ಎರಡಡಿಗಿಂತ ತುಸು ಉದ್ದ. ಅದಕ್ಕಾಗಿ ನಾನು ಅಲೆದ ಅಲೆದಾಟವನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಮರದ ಡಿಪೋದಲ್ಲಿ, ಪ್ಲೈವುಡ್ ಅಂಗಡಿಯಲ್ಲಿ, ಬಡಗಿಗಳ ಶೆಡ್ಡಿನಲ್ಲಿ ನನ್ನದು ಒಂದೇ ಪ್ರಶ್ನೆ: ಇದಕ್ಕೆ ಏನು ಹಚ್ಚಿದ್ದೀರಿ? ಎಲ್ಲರೂ ಹೆಮ್ಮೆಯಿಂದ ಹೇಳಿದರು. ಗೆದ್ದಲಿಗೆ ಔಷಧಿ, ಹುಳಕ್ಕೆ ಔಷಧಿ, ಮೇಲೊಂದು ಸೀಲರ್. ಏನನ್ನೂ ಹಚ್ಚದ ಮರ ಬೇಕು ಎಂದರೆ ನನ್ನನ್ನೇ ಅನುಮಾನದಿಂದ ನೋಡಿದರು. ಯಂತ್ರದ ಬಿಡಿಭಾಗಗಳು ಬರುವ ಪೈನ್ ಪೆಟ್ಟಿಗೆಗಳನ್ನು ಒಡೆದು ಮಾರುವ ಒಬ್ಬರು, ಏನೂ ಹಚ್ಚಿಲ್ಲ ಎಂದು ಆಣೆ ಇಟ್ಟರು. ನಾನು ಹಲಗೆಯನ್ನು ಮೂಗಿನ ಹತ್ತಿರ ಹಿಡಿದೆ. ಗಪ್ಪನೆ ಸೀಮೆಎಣ್ಣೆಯ ವಾಸನೆ ಹೊಡೆಯಿತು. ಅಂದಿನಿಂದ ನಾನು ಯಾರ ಮಾತನ್ನೂ ನಂಬದೆ ಎಲ್ಲ ಅಂಗಡಿಯಲ್ಲೂ ಹಲಗೆ ಮೂಸಿ ನೋಡುವವಳಾದೆ. ಒಂದು ಡಿಪೋದವರು ನನ್ನನ್ನು ಕಂಡೊಡನೆ ಒಳಗೆ ಹೋಗಿಬಿಡುತ್ತಿದ್ದರು.

ಅಷ್ಟರಲ್ಲಿ ಮಾರ್ಚ್ ಬಂದಿತ್ತು. ಖಾಲಿ ಸ್ಟೀಲು ಪಂಜರ ಉಗ್ರಾಣದಲ್ಲಿ ನಿಂತಿತ್ತು. ಬರೀ ಕಲ್ಲಿನ ಮೇಲೂ ಬಿಡಬೇಡಿ, ಅಂಗಾಲಿಗೆ ಮರದ ಆಸರೆ ಬೇಕು ಎಂದು ವೈದ್ಯರು ಹೇಳಿದ್ದರು. ಅದು ಹಕ್ಕಿ ಪಂಜರದಲ್ಲಿ ಟವೆಲಿನ ಮೇಲೇ ಇತ್ತು. ದಿನಕ್ಕೊಂದು ಟವೆಲು ಚೂರಾಗುತ್ತಿತ್ತು. ಬಲಗಾಲಿನ ಹುಣ್ಣು ಮಾಯುವ ಬದಲು ಅಂಚಿನಲ್ಲಿ ಕಪ್ಪಾಗಿತ್ತು. ವೈದ್ಯರು ನೋಡಿ ಏನೂ ಹೇಳದೆ ಮುಲಾಮು ಬದಲಿಸಿದರು. ಅವರು ಏನಾದರೂ ಹೇಳಿದ್ದರೇ ವಾಸಿಯಿತ್ತು.

ಆ ಮಧ್ಯಾಹ್ನ ಅಟ್ಟದ ಹಲಗೆಗಳ ನೆನಪಾಯಿತು.

ನಮ್ಮ ತಾಯಿಯ ತಂದೆ ಅರಮನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದವರು. ಆಗ ವಿದೇಶದಿಂದ ಗಾಜಿನ ಸಾಮಾನು, ದೀಪದ ಸಾಮಾನು ಎಲ್ಲ ಪೈನ್ ಮರದ ಪೆಟ್ಟಿಗೆಯಲ್ಲಿ ಬರುತ್ತಿದ್ದವಂತೆ. ಖಾಲಿ ಪೆಟ್ಟಿಗೆಗಳನ್ನು ತಾತ ಕೇಳಿ ಪಡೆದು, ಬಿಚ್ಚಿ, ಒಂಬತ್ತು ಹಲಗೆ ಮಾಡಿಕೊಂಡರು. ಅವೇ ನಮ್ಮ ಮನೆಯ ಗೊಂಬೆ ಹಬ್ಬದ ಮೆಟ್ಟಿಲುಗಳಾದವು. ಅಮ್ಮ ಅವನ್ನು ‘ಸೀಮೆ ಹಲಗೆ’ ಎನ್ನುತ್ತಿದ್ದಳು. ನವರಾತ್ರಿ ಬಂತೆಂದರೆ ಡಬ್ಬ, ಸ್ಟೂಲು, ಟ್ರಂಕುಗಳ ಮೇಲೆ ಅವನ್ನು ಒಂದಕ್ಕಿಂತ ಒಂದು ಎತ್ತರಕ್ಕೆ ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ, ಪಟ್ಟದ ಗೊಂಬೆಗಳಿಂದ ಹಿಡಿದು ಮಣ್ಣಿನ ಸೆಟ್ಟಿ ಸೆಟ್ಟಮ್ಮನವರೆಗೆ ಎಲ್ಲವನ್ನೂ ಕೂರಿಸುತ್ತಿದ್ದಳು. ಹಲಗೆಗೆ ಪಾಲಿಶ್ ಹಾಕಿಸು ಎಂದು ಅಪ್ಪ ಹೇಳಿದಾಗಲೆಲ್ಲ, “ಹೇಗೂ ಪಂಚೆ ಮುಚ್ಚುತ್ತಲ್ಲ, ದುಡ್ಡು ದಂಡ” ಎನ್ನುತ್ತಿದ್ದಳು. ಕೈಲಾಗದ ಕೊನೆಯ ವರ್ಷಗಳಲ್ಲಿ ಒಂಬತ್ತನ್ನು ಏಳಕ್ಕೆ ಇಳಿಸಿದಳು.

ಅಮ್ಮ ಹೋದ ಮೇಲೆ ಗೊಂಬೆಗಳ ಪೆಟ್ಟಿಗೆ ತಂಗಿಗೆ, ಹಲಗೆಗಳು ನನಗೆ ಎಂದಾಯಿತು. ಹೀಗೆ ಹಂಚಿಕೊಂಡರೆ ವರ್ಷಕ್ಕೊಮ್ಮೆಯಾದರೂ ಒಬ್ಬರ ಮನೆಗೆ ಒಬ್ಬರು ಹೋಗಲೇಬೇಕಾಗುತ್ತದೆ ಎಂದು ಅಂದುಕೊಂಡಿದ್ದೆವು. ಆದದ್ದೇ ಬೇರೆ. ಮೊದಲ ನವರಾತ್ರಿಗೇ, ದೊಡ್ಡವಳ ಮನೆಯಲ್ಲಿ ಕೂರಿಸಬೇಕು, ಗೊಂಬೆ ತೆಗೆದುಕೊಂಡು ಬಾ ಎಂದು ನಾನು ಹೇಳಿದೆ. ಗೊಂಬೆ ಇರುವ ಮನೆಗೆ ಮೆಟ್ಟಿಲು ಬರಬೇಕೇ ಹೊರತು ಮೆಟ್ಟಿಲಿರುವ ಕಡೆಗೆ ಗೊಂಬೆ ಹೋಗುವುದಿಲ್ಲ ಎಂದು ಅವಳು ಹೇಳಿದಳು. ಯಾರೂ ಬಗ್ಗಲಿಲ್ಲ. ಆ ವರ್ಷ ಗೊಂಬೆ ಕೂರಲಿಲ್ಲ. ಮುಂದಿನ ವರ್ಷ ಕೇಳಲು ಇಬ್ಬರಿಗೂ ಬಿಗುಮಾನ. ಆಮೇಲೆ ಆ ಮಾತೇ ನಮ್ಮ ಮಧ್ಯೆ ನಿಂತುಹೋಯಿತು. ಕಾಫಿ ಕುಡಿದು ಏಳುವ ಭೇಟಿಗಳು ಶುರುವಾದದ್ದು ಅಲ್ಲಿಂದ.

ಅಟ್ಟ ಹತ್ತಿ ಹಳೇ ಜಮಖಾನದಲ್ಲಿ ಸುತ್ತಿದ್ದ ಕಟ್ಟನ್ನು ಇಳಿಸಿದೆ. ಬಿಚ್ಚಿದೊಡನೆ ನವರಾತ್ರಿಯ ವಾಸನೆ ಮೂಗಿಗೆ ಬಂತು. ಗೊಂಬೆ ಪೆಟ್ಟಿಗೆ ತೆರೆದಾಗ, ಅಮ್ಮ ರೇಷ್ಮೆ ಸೀರೆ ಕೊಡವಿದಾಗ ಬರುತ್ತಿದ್ದ ಅದೇ ವಾಸನೆ. ಹಲಗೆಗಳ ಹಿಂಬದಿಯಲ್ಲಿ ಅರ್ಧ ಅಳಿಸಿದ ಕಪ್ಪು ಇಂಗ್ಲಿಷ್ ಅಕ್ಷರಗಳು ಇನ್ನೂ ಇದ್ದವು. ಅಸಲಿ ಪೈನ್, ನೂರು ವರ್ಷ ಒಣಗಿದ್ದು, ಒಂದು ಹನಿ ಪಾಲಿಶ್ ಕಾಣದ್ದು. ಊರೆಲ್ಲ ಸುತ್ತಿ ಹುಡುಕಿದ್ದು ನನ್ನ ತಲೆಯ ಮೇಲೇ ಇತ್ತು.

ತಂಗಿಗೆ ಫೋನ್ ಮಾಡಬೇಕಿತ್ತು. ಕೈ ಫೋನಿನವರೆಗೆ ಹೋಯಿತು. ಆದರೆ ಒಂದು ವಾರ ಎಂದು ಬಿಟ್ಟುಹೋದವಳು ಒಂದು ತಿಂಗಳಿನಲ್ಲಿ ಒಮ್ಮೆಯಾದರೂ ಅದು ಹೇಗಿದೆ ಎಂದು ಕೇಳಿದ್ದಳೇ? ಅವಳ ಪ್ರಾಣಿ, ಅವಳು ಮಾಡಿದ ಹುಣ್ಣು, ನನ್ನ ಪಾಲಿನ ಹಲಗೆ. ಇದರಲ್ಲಿ ಕೇಳುವುದೇನು ಎಂದುಕೊಂಡು ಗರಗಸ ತೆಗೆದೆ. ಕಟ್ಟಿನಲ್ಲಿದ್ದ ಏಳರಲ್ಲಿ ನಾಲ್ಕನ್ನು ಕೊಯ್ದೆ. ಐದಡಿಯ ಹಲಗೆಯಲ್ಲಿ ಗಂಟು, ಮೊಳೆಯ ತೂತು ಇಲ್ಲದ ಒಳ್ಳೆಯ ಭಾಗವನ್ನೇ ಆರಿಸಿ ಒಂದರಲ್ಲಿ ಒಂದೇ ತುಂಡು ತೆಗೆದೆ. ನನ್ನ ಕೆಲಸ ಹಾಗೆ, ಚೊಕ್ಕವಾಗಿಯೇ ಆಗಬೇಕು. ಉಳಿದ ಮೂರು ಬೆಸ ಸಂಖ್ಯೆಯೇ, ಎಂದಾದರೂ ಗೊಂಬೆ ಕೂರಿಸುವುದಾದರೆ ಮೂರು ಮೆಟ್ಟಿಲಿಗೆ ಕೊರತೆಯಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ರಸಮಟ್ಟ ಇಟ್ಟು ನೋಡಿ, ನಾಲ್ಕನ್ನೂ ಕೂರಿಸಿದೆ. ಗುಳ್ಳೆ ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ಹುಲ್ಲಿನ ಬುಟ್ಟಿ, ಗಾಜಿನ ನೀರಿನ ಬಾಟಲಿ, ಧೂಳಿಗೆಂದು ಒಂದು ಹಳೇ ಉಪ್ಪಿನಕಾಯಿ ಜಾಡಿ. ಸಂಜೆ ಅದನ್ನು ಒಳಗೆ ಬಿಟ್ಟೆ. ಒಂದು ಕ್ಷಣ ಕಲ್ಲಿನ ಮೇಲೆ ನಿಂತಿತು, ಮೊದಲ ಹಲಗೆಗೆ ಹಾರಿತು, ಕುಂಟುತ್ತಲೇ ಎರಡನೆಯದಕ್ಕೂ ಹಾರಿತು. ಅಲ್ಲಿ ಕಾಲು ಚಾಚಿ ಮಲಗಿತು. ಅದು ಕಾಲು ಚಾಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಯಜಮಾನರನ್ನು ಕೂಗಿ ಕರೆದು ತೋರಿಸಿದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ಹುಲ್ಲು ಮುಟ್ಟಿರಲಿಲ್ಲ. ಮೂಲೆಯಲ್ಲಿ ಮುದುಡಿ ಕೂತಿತ್ತು. ಕಣ್ಣಲ್ಲಿ ನೀರು ಸೋರುತ್ತಿತ್ತು. ಹಲಗೆಯ ಅಂಚನ್ನು ಕಡಿದ ಗುರುತಿತ್ತು. ಬುಟ್ಟಿಯಲ್ಲಿಟ್ಟುಕೊಂಡು ವೈದ್ಯರ ಹತ್ತಿರ ಓಡಿದೆ. ಅವರು ಅದರ ತುಪ್ಪಟವನ್ನು ಮೂಗಿಗೆ ಹಿಡಿದು, ತಲೆಯೆತ್ತಿ ನನ್ನನ್ನು ನೋಡಿದರು.

“ಮೇಡಂ, ಕೇಜ್ ಹತ್ರ ನುಸಿಗುಳಿಗೆ ಏನಾದ್ರೂ ಇಟ್ಟಿದೀರಾ?”

ಇಲ್ಲ ಎನ್ನಲು ಬಾಯಿ ತೆರೆದೆ.

ಇಟ್ಟಿದ್ದೆ. ಪಂಜರದ ಹತ್ತಿರವಲ್ಲ, ಆ ಜಮಖಾನದ ಮಡಿಕೆಗಳಲ್ಲಿ, ವರ್ಷವರ್ಷವೂ, ಹಿಡಿಹಿಡಿಯಷ್ಟು. ಅಮ್ಮ ಹೋದ ಮೇಲೆ ಹಲಗೆಗಳ ಕಟ್ಟು ನನ್ನ ಮನೆಗೆ ಬಂದಾಗ ಏಳೇ ಇದ್ದವು. ಒಂಬತ್ತರಲ್ಲಿ ಎರಡನ್ನು ಗೆದ್ದಲು ತಿಂದಿರಬೇಕು, ಅಮ್ಮ ಎಸೆದಿರಬೇಕು ಎಂದುಕೊಂಡು, ಉಳಿದವಾದರೂ ಉಳಿಯಲಿ ಎಂದು ಗುಳಿಗೆ ಸುರಿದಿದ್ದೆ. ಊರಿನ ಹಲಗೆಗಳನ್ನೆಲ್ಲ ಮೂಸಿ ನೋಡಿದ ಮೂಗಿಗೆ ನನ್ನ ಹಲಗೆಯ ವಾಸನೆ ಔಷಧಿಯದೆಂದು ಅನಿಸಲೇ ಇಲ್ಲ. ಅದು ನನಗೆ ಹಬ್ಬದ ವಾಸನೆ.

ವೈದ್ಯರು ಚುಚ್ಚುಮದ್ದು ಕೊಟ್ಟರು. ಬೇಗ ತಂದಿದ್ದೀರಿ, ಉಳಿಯುತ್ತದೆ, ಆದರೆ ಆ ಹಲಗೆಗಳನ್ನು ಮತ್ತೆ ಒಳಗಿಡಬೇಡಿ ಎಂದರು. ಮನೆಗೆ ಬಂದು ನಾಲ್ಕನ್ನೂ ಬಿಚ್ಚಿದೆ. ಪಂಜರವನ್ನು ಬಿಸಿನೀರಿನಲ್ಲಿ ಉಜ್ಜಿದೆ. ಕೊಯ್ದ ತುಂಡುಗಳು, ಮಿಕ್ಕ ತುಂಡುಗಳು, ಉಳಿದ ಮೂರು ಹಲಗೆಗಳು ಎಲ್ಲವನ್ನೂ ತಾರಸಿಯ ಮೇಲೆ ಬಿಸಿಲಿಗೆ ಹರವಿ ಅಲ್ಲೇ ಕೂತೆ. ಪ್ರಾಣಿ ಮತ್ತೆ ಅದೇ ಹಾಳು ಹಕ್ಕಿ ಪಂಜರದಲ್ಲಿ. ಅಮ್ಮನ ಹಲಗೆಗಳೂ ಹೋದವು, ಕಾಲೂ ಉಳಿಯುವ ಹಾಗಿರಲಿಲ್ಲ. ತಂಗಿಗೆ ಫೋನ್ ಮಾಡಿ, “ನಿನ್ನ ಪ್ರಾಣಿನ ನೀನೇ ಬಂದು ತಗೊಂಡು ಹೋಗು. ನನ್ನ ಕೈಲಿ ಆಗಲ್ಲ” ಎಂದು ಕೂಗಿ ಇಟ್ಟುಬಿಟ್ಟೆ.

ಅರ್ಧ ಗಂಟೆಯಲ್ಲಿ ಬಂದಳು. ಯಜಮಾನರು ಕೈ ತೋರಿಸಿದರೆಂದು ಕಾಣುತ್ತದೆ, ನೇರ ತಾರಸಿಗೇ ಬಂದಳು. ಬಾಗಿಲಲ್ಲಿ ವಾಸನೆ ತಗುಲಿ ಕೆಮ್ಮಿದಳು. ಸೆರಗನ್ನು ಮೂಗಿಗೆ ಹಿಡಿದುಕೊಂಡು ಹಲಗೆಗಳನ್ನು ನೋಡಿದಳು. ಕೊಯ್ದ ಅಂಚುಗಳನ್ನೂ ನೋಡಿದಳು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ತಿರುಗಿ ಬಯ್ಯಲು ಎಲ್ಲವನ್ನೂ ಜೋಡಿಸಿಟ್ಟುಕೊಂಡಿದ್ದೆ.

“ಎಷ್ಟು ಕೊಯ್ದೆ?” ಎಂದಳು.

“ನಾಲ್ಕು. ಇನ್ನು ಮೂರಿದೆ.”

“ಅಂದ್ರೆ ಏಳು. ಒಂಬತ್ತಿತ್ತಲ್ಲಕ್ಕ?”

“ಎರಡು ಗೆದ್ದಲು ತಿಂದಿರಬೇಕು.”

“ನಮ್ಮನೇಲಿದೆ ಕಣೆ” ಎಂದಳು. “ಹಂಚಿಕೊಂಡ ದಿನ ನಾನೇ ಎರಡು ತೆಗೆದಿಟ್ಕೊಂಡೆ. ಅಕ್ಕ ಎಲ್ಲಾನೂ ಅಳೆದು ಎಣಿಸೋಳು, ಎರಡು ಕಮ್ಮಿ ಇದೆ ಅಂತ ಜಗಳ ಆಡಕ್ಕಾದ್ರೂ ಬಂದೇ ಬರ್ತಾಳೆ ಅಂದ್ಕೊಂಡೆ. ಬಂದಾಗ ಗೊಂಬೆ ಪೆಟ್ಟಿಗೇನೂ ಕೊಟ್ಟು ಕಳಿಸಣ ಅಂತಿದ್ದೆ. ನೀನು ಕೇಳ್ಲೇ ಇಲ್ಲ.”



ಅವಳು ಕೆಳಗಿಳಿದು ತನ್ನ ಮನೆಗೆ ಹೋಗಿ, ಮತ್ತೆ ಆಟೋದಲ್ಲಿ ಬಂದಳು. ನಡುಮನೆಯಲ್ಲಿ ತಂದಿಳಿಸಿದ್ದು ಅಪ್ಪನ ಹಳೇ ಬಿಳಿ ಪಂಚೆಯಲ್ಲಿ ಸುತ್ತಿದ ಎರಡು ಹಲಗೆ. ಉಬ್ಬಸದ ಮನೆಯಲ್ಲಿ ನುಸಿಗುಳಿಗೆಗೆ ಪ್ರವೇಶವೇ ಇಲ್ಲ. ನಾನು ಪಂಚೆ ಬಿಚ್ಚಿ ಮೂಸಿದೆ. ಮರದ ವಾಸನೆ, ಬರೀ ಮರದ್ದು. ಟೇಪು ಹಿಡಿದೆ. ಐದಡಿ ಉದ್ದ, ಎರಡೂ. ಗಂಟು, ತೂತು ಎಂದು ಆರಿಸದೆ ನಡುವೆ ಕೊಯ್ದರೆ ಒಂದರಲ್ಲಿ ಎರಡು ತುಂಡು, ಎರಡರಲ್ಲಿ ನಾಲ್ಕು. ಪಂಜರಕ್ಕೆ ಬೇಕಾಗಿದ್ದದ್ದು ಅಷ್ಟೇ. ಒಂದು ಫೋನ್ ಮಾಡಿದ್ದರೆ, ಅಮ್ಮ ಕೊನೆಯ ವರ್ಷಗಳಲ್ಲಿ ಜೋಡಿಸುತ್ತಿದ್ದ ಏಳೂ ಮೆಟ್ಟಿಲು ನನ್ನ ಅಟ್ಟದಲ್ಲಿ ಇದ್ದಹಾಗೇ ಇರುತ್ತಿದ್ದವು.

ಇದನ್ನು ನಾನು ಹೇಳಲಿಲ್ಲ. ಅವಳೂ ಲೆಕ್ಕ ಹಾಕಿಕೊಂಡಳೆಂದು ಕಾಣುತ್ತದೆ. ಗರಗಸ ಎತ್ತಿಕೊಂಡದ್ದು ಅವಳೇ. “ಬಿಡು, ಈ ಸಲ ನಾನ್ ಕೊಯ್ತೀನಿ” ಎಂದಳು. ನಾನು ಗುರುತು ಹಾಕಿಕೊಟ್ಟ ಗೆರೆಯನ್ನು ಬಿಟ್ಟು ಬೇರೆಲ್ಲ ಕಡೆ ಕೊಯ್ದಳು. ಮಧ್ಯೆ ಮಧ್ಯೆ ನಿಂತು ಕೆಮ್ಮಿದಳು. ಹಿಡಿಯುವುದು ಹೀಗಲ್ಲ, ತಳ್ಳುವುದು ಹೀಗಲ್ಲ ಎಂಬ ಮಾತು ನಾಲಿಗೆಯ ತುದಿಗೆ ಹತ್ತು ಸಲ ಬಂತು. ಹಲಗೆ ಅಲ್ಲಾಡದಂತೆ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡು ಕೂತೆ. ಯಜಮಾನರು ತಂದಿಟ್ಟ ಕಾಫಿ ಆರಿಹೋಯಿತು. ಆಟೋದವರು ಎರಡು ಸಲ ಹಾರ್ನ್ ಹೊಡೆದರು. ಅವಳು ಕಿಟಕಿಯಿಂದ, “ನೀವ್ ಹೋಗಿ, ನಾನಿಲ್ಲೇ ಇರ್ತೀನಿ” ಎಂದು ಕೂಗಿದಳು.

ಹುಣ್ಣು ಮಾಯಲು ಯುಗಾದಿ ದಾಟಿತು. ಈಗ ಅದು ಪಂಜರದ ತಳದಿಂದ ನೆತ್ತಿಯವರೆಗೆ ಒಂದೇ ಉಸಿರಿಗೆ ಹಾರುತ್ತದೆ. ಮೂರನೆಯ ಹಲಗೆ ಎಡಕ್ಕೆ ವಾಲಿದೆ. ರಸಮಟ್ಟ ಇಟ್ಟು ನೋಡಿದ್ದೇನೆ, ನಾಲ್ಕು ಮಿಲಿಮೀಟರ್. ಹುಡುಗರು ಹಾಗೆ ಬರೆದುಕೊಟ್ಟರೆ ಹಾಳೆ ಹಿಂದಕ್ಕೆ ಕೊಡುತ್ತೇನೆ. ಒಂದು ಸ್ಕ್ರೂ ಬಿಚ್ಚಿ ಕೆಳಗೊಂದು ಚಕ್ಕೆ ಕೊಟ್ಟರೆ ಐದು ನಿಮಿಷದ ಕೆಲಸ. ಸ್ಕ್ರೂಡ್ರೈವರ್ ಹಿಡಿದು ಎರಡು ಸಲ ಉಗ್ರಾಣಕ್ಕೆ ಹೋಗಿದ್ದೆ. ಬಿಚ್ಚದೆ ಬಂದೆ.